ಸಿಗ್ನಲ್ ಕಂಬದ ಗ್ಯಾರೆಟ್ ಮಾರ್ಗನ್

ವಿಜ್ಞಾನ ವಸ್ತುಪ್ರದರ್ಶನಕ್ಕೆ ಆರ್ಡುಯಿನೋ ಬೋರ್ಡಿನಿಂದ ಟ್ರಾಫಿಕ್ ಸಿಗ್ನಲ್ ಮಾಡುವವರು ಈಗ ತುಂಬಾ ಜನ. ಕೆಂಪು, ಹಳದಿ, ಹಸಿರು ಎಲ್‌ಇಡಿ, ಒಂದೊಂದಕ್ಕೂ 220 ಓಮ್‌ನ ಒಂದು ರೆಸಿಸ್ಟರ್, ಸ್ವಲ್ಪ ವೈರು, ನಾಲ್ಕಾರು ಸಾಲಿನ ಪ್ರೋಗ್ರಾಂ ಇದ್ದರೆ ಆಯ್ತು. ಆದರೆ ಬೋರ್ಡು, ಪ್ರೋಗ್ರಾಂ ಯಾವುದೂ ಇಲ್ಲದ ಕಾಲದಲ್ಲೇ ಸಿಗ್ನಲ್ ಯಾವ ಕ್ರಮದಲ್ಲಿ ಬದಲಾಗಬೇಕು ಅಂತ ತಲೆ ಕೆಡಿಸಿಕೊಂಡವರು ಅಮೆರಿಕದ ಗ್ಯಾರೆಟ್ ಮಾರ್ಗನ್. ಅವರ ಜೀವನವನ್ನು ನಾವು ತಿಳಿಯಬೇಕು.

ಗ್ಯಾರೆಟ್ ಹುಟ್ಟಿದ್ದು 1877ರ ಮಾರ್ಚ್ 4ರಂದು, ಕೆಂಟಕಿ ರಾಜ್ಯದ ಪ್ಯಾರಿಸ್ ಎಂಬ ಊರಿನಲ್ಲಿ. (ಫ್ರಾನ್ಸಿನ ಪ್ಯಾರಿಸ್ ಅಲ್ಲ!) ತಂದೆ ತಾಯಿ ಇಬ್ಬರೂ ಹಿಂದೆ ಗುಲಾಮರಾಗಿದ್ದವರು. ಮನೆ ತುಂಬಾ ಮಕ್ಕಳು. ಹುಡುಗ ಪ್ರಾಥಮಿಕ ಶಾಲೆಯನ್ನಷ್ಟೇ ಕಂಡ. ಹದಿಹರೆಯದಲ್ಲೇ ಊರು ಬಿಟ್ಟು ಸಿನ್ಸಿನಾಟಿಗೆ ಹೋಗಿ ಕೂಲಿಗೆ ಸೇರಿದ. ದುಡಿದ ದುಡ್ಡಿನಲ್ಲೇ ಮೇಷ್ಟ್ರನ್ನು ಗೊತ್ತುಮಾಡಿಕೊಂಡು ಪಾಠ ಹೇಳಿಸಿಕೊಂಡ.

1895ರಲ್ಲಿ ಕ್ಲೀವ್‌ಲ್ಯಾಂಡ್ ನಗರಕ್ಕೆ ಬಂದು ಹೊಲಿಗೆ ಯಂತ್ರ ರಿಪೇರಿ ಕಲಿತರು. 1907ರಲ್ಲಿ ಸ್ವಂತ ಅಂಗಡಿ ಹಾಕಿದರು. ಯಂತ್ರದ ಸೂಜಿ ಬಿಸಿಯಾಗಿ ಉಣ್ಣೆ ಬಟ್ಟೆ ಸುಡುತ್ತಿತ್ತು. ಅದಕ್ಕೊಂದು ದ್ರವ ತಯಾರಿಸುವಾಗ ಕೈ ಒರೆಸಿದ ಬಟ್ಟೆಯ ಗುಂಗುರು ಎಳೆಗಳು ನೆಟ್ಟಗಾದವಂತೆ. ಪಕ್ಕದ ಮನೆ ನಾಯಿಯ ಮೈಮೇಲೂ ಸವರಿ ನೋಡಿದರಂತೆ! ಕೂದಲು ನೇರ ಮಾಡುವ ಆ ದ್ರವದ ವ್ಯಾಪಾರದಿಂದ ಅವರ ಕೈಯಲ್ಲಿ ನಾಲ್ಕು ಕಾಸು ಆಯ್ತು.

ಮುಂದೆ ಮಾಡಿದ್ದು ಹೊಗೆಯಿಂದ ಕಾಪಾಡುವ ಮುಸುಕು. ಹೊಗೆ ಮೇಲಕ್ಕೇರುತ್ತದೆ, ನೆಲದ ಹತ್ತಿರ ಗಾಳಿ ಅಷ್ಟು ಕೆಟ್ಟಿರುವುದಿಲ್ಲ ಅಲ್ವಾ? ಅದಕ್ಕೇ ಮುಸುಕಿನಿಂದ ನೆಲದವರೆಗೆ ಉದ್ದ ಕೊಳವೆ ಇಳಿಬಿಟ್ಟು, ತುದಿಗೆ ಒದ್ದೆ ಸ್ಪಂಜು ಇಟ್ಟರು. 1914ರಲ್ಲಿ ಪೇಟೆಂಟ್ ಸಿಕ್ಕಿತು. ಆದರೆ ಕರಿಯ ಮನುಷ್ಯ ಮಾಡಿದ್ದು ಅಂದರೆ ದಕ್ಷಿಣದ ರಾಜ್ಯಗಳಲ್ಲಿ ಯಾರೂ ಕೊಳ್ಳುತ್ತಿರಲಿಲ್ಲ. ಅದಕ್ಕಾಗಿ ಒಬ್ಬ ಬಿಳಿಯನನ್ನು ಸಂಬಳಕ್ಕಿಟ್ಟು, ಅವನೇ ಸಂಶೋಧಕ ಎಂದು ಹೇಳಿಸಿದರು. ತಾವು ಬೇರೆ ಹೆಸರು, ಬೇರೆ ವೇಷದಲ್ಲಿ ಮುಸುಕು ಹಾಕಿಕೊಂಡು ಹೊಗೆ ತುಂಬಿದ ಡೇರೆಯೊಳಗೆ ಹೋಗಿ ತೋರಿಸುತ್ತಿದ್ದರು. ತಾನು ಮಾಡಿದ್ದನ್ನು ತನ್ನದು ಅನ್ನಲಾಗದ ಕಷ್ಟ ಎಂಥದ್ದು ನೋಡಿ.

1916ರ ಜುಲೈನಲ್ಲಿ ಈರಿ ಸರೋವರದ ತಳದಡಿ ನೀರಿನ ಸುರಂಗ ತೋಡುವಾಗ ಸ್ಫೋಟವಾಯಿತು. ಒಳಗೆ ವಿಷದ ಗಾಳಿ. ಕಾಪಾಡಲು ಇಳಿದವರೂ ಮೇಲೆ ಬರಲಿಲ್ಲ. ರಾತ್ರಿ ಕರೆ ಬಂದಾಗ ಮಾರ್ಗನ್ ಮುಸುಕುಗಳನ್ನು ತೆಗೆದುಕೊಂಡು ತಮ್ಮ ಸೋದರ ಫ್ರಾಂಕ್ ಜೊತೆ ಓಡಿದರು. ಸುರಂಗಕ್ಕೆ ಇಳಿದು ಬದುಕಿದ್ದವರನ್ನು ಹೊರತಂದರು, ಶವಗಳನ್ನೂ ತಂದರು. ಶೌರ್ಯದ ಕಾರ್ನೆಗಿ ಪದಕ ಮಾತ್ರ ಅವರಿಗೆ ಬರಲಿಲ್ಲ. ಪತ್ರಿಕೆಗಳಿಂದ ಸಂಶೋಧಕ ಯಾರು ಎಂದು ಗೊತ್ತಾದ ಮೇಲೆ ಕೆಲವು ಊರಿನವರು ಮುಸುಕಿನ ಆರ್ಡರನ್ನೇ ರದ್ದು ಮಾಡಿದರು.

ಇನ್ನು ಸಿಗ್ನಲ್ ವಿಷಯ. ಆಗ ಒಂದೇ ರಸ್ತೆಯಲ್ಲಿ ಕಾರು, ಕುದುರೆ ಗಾಡಿ, ಸೈಕಲ್, ನಡೆಯುವವರು ಎಲ್ಲರೂ. ಒಮ್ಮೆ ಕಾರು ಮತ್ತು ಕುದುರೆ ಗಾಡಿ ಢಿಕ್ಕಿಯಾದದ್ದನ್ನು ಮಾರ್ಗನ್ ಕಂಡರಂತೆ. ಪೊಲೀಸರು ಕೈಯಿಂದ ತಿರುಗಿಸುವ ಅನೇಕ ಸಿಗ್ನಲ್‌ಗಳಲ್ಲಿ ಇದ್ದದ್ದು ಎರಡೇ ಮಾತು: ನಿಲ್ಲು, ಹೋಗು. ಈ ಕಡೆ ನಿಲ್ಲು ಬಂದ ಕ್ಷಣವೇ ಆ ಕಡೆ ಹೋಗು. ನಡುರಸ್ತೆಯಲ್ಲಿ ಇದ್ದವರ ಗತಿ? ಮಾರ್ಗನ್ ಅವರ ಟಿ ಆಕಾರದ ಕಂಬದಲ್ಲಿ ಮೂರನೆಯ ಸ್ಥಿತಿಯೊಂದಿತ್ತು: ಎಲ್ಲಾ ಕಡೆಯವರೂ ನಿಲ್ಲುವುದು. ಅಷ್ಟರಲ್ಲಿ ನಡುವೆ ಸಿಕ್ಕವರು ದಾಟಿಬಿಡಬಹುದು. ರಾತ್ರಿ ವಾಹನ ಕಮ್ಮಿ ಇದ್ದಾಗ ಕೈಗಳನ್ನು ಅರ್ಧಕ್ಕೆ ನಿಲ್ಲಿಸಿ, ನೋಡಿಕೊಂಡು ಹೋಗಿ ಎಂದು ತಿಳಿಸುವ ಏರ್ಪಾಡೂ ಇತ್ತು. ಇದಕ್ಕೆ 1923ರ ನವೆಂಬರ್ 20ರಂದು ಪೇಟೆಂಟ್ ಸಿಕ್ಕಿತು.

ಕೆಲವರು ಟ್ರಾಫಿಕ್ ದೀಪವನ್ನೇ ಮಾರ್ಗನ್ ಕಂಡುಹಿಡಿದರು ಅಂತ ಬರೆಯುತ್ತಾರೆ. ಅದು ಸರಿಯಲ್ಲ. ಅವರ ಕ್ಲೀವ್‌ಲ್ಯಾಂಡಿನಲ್ಲೇ 1914ರಲ್ಲಿ ಕೆಂಪು, ಹಸಿರು ವಿದ್ಯುತ್ ದೀಪ ಬಂದಿತ್ತು. 1920ರಲ್ಲಿ ಡೆಟ್ರಾಯಿಟ್‌ನ ಪೊಲೀಸ್ ವಿಲಿಯಂ ಪಾಟ್ಸ್ ಹಳದಿಯನ್ನೂ ಸೇರಿಸಿ ಮೂರು ಬಣ್ಣ ಮಾಡಿದ್ದರು. ಇಲ್ಲದ ಹೆಚ್ಚುಗಾರಿಕೆ ಮಾರ್ಗನ್ ಅವರಿಗೆ ಬೇಕಾಗಿಯೂ ಇಲ್ಲ.

ನಮ್ಮ ಮಾದರಿಗೂ ಅವರ ಯೋಚನೆ ಬೇಕು. ಎರಡು ರಸ್ತೆಗೆ ಮೂರು ಮೂರರಂತೆ 6 ಎಲ್‌ಇಡಿ. ಈ ಕಡೆ ಹಸಿರು, ಹಳದಿ, ಕೆಂಪು ಆದ ಕೂಡಲೇ ಆ ಕಡೆ ಹಸಿರು ಕೊಡಬೇಡಿ. ಎರಡೂ ಕಡೆ ಕೆಂಪು ಹತ್ತಿಸಿ, ಡಿಲೇ 2000 ಎಂದು ಒಂದು ಸಾಲು ಹಾಕಿ. ಆರ್ಡುಯಿನೋದಲ್ಲಿ 1000 ಅಂದರೆ ಒಂದು ಸೆಕೆಂಡು. ಆ ಎರಡು ಸೆಕೆಂಡೇ ಮಾರ್ಗನ್ ಅವರ ಮೂರನೆಯ ಸ್ಥಿತಿ. ದೊಡ್ಡ ಊರುಗಳ ಎಷ್ಟೋ ಸಿಗ್ನಲ್‌ಗಳಲ್ಲೂ ಹೀಗೆ ಎಲ್ಲಾ ಕಡೆ ಕೆಂಪು ಬೀಳುವ ಗಳಿಗೆ ಇದೆ.

ಕೊನೆಗಾಲದಲ್ಲಿ ಗ್ಲಾಕೋಮಾದಿಂದ ಅವರ ಕಣ್ಣು ಬಹುಪಾಲು ಹೋಯಿತು. 1963ರ ಜುಲೈ 27ರಂದು ಕ್ಲೀವ್‌ಲ್ಯಾಂಡಿನಲ್ಲೇ ತೀರಿಕೊಂಡರು. ಈರಿ ಸರೋವರದ ನೀರನ್ನು ಶುದ್ಧಮಾಡಿ ಊರಿಗೆ ಬಿಡುವ ಅಲ್ಲಿನ ಒಂದು ಘಟಕಕ್ಕೆ ಈಗ ಅವರ ಹೆಸರಿದೆ.