ಆರ್ಥರ್ ಕಾಟನ್

ಸರ್ ಆರ್ಥರ್ ಥಾಮಸ್ ಕಾಟನ್ (1803–1899) ಮದ್ರಾಸ್ ಪ್ರಾಂತ್ಯದಲ್ಲಿ ಸೇವೆ ಸಲ್ಲಿಸಿದ ಬ್ರಿಟಿಷ್ ಸೇನಾ ಎಂಜಿನಿಯರ್ ಹಾಗೂ ನೀರಾವರಿ ತಜ್ಞ. 1821ರಲ್ಲಿ ಭಾರತಕ್ಕೆ ಬಂದ ಇವರು 1847–1852ರ ಅವಧಿಯಲ್ಲಿ ಧವಳೇಶ್ವರದ ಬಳಿ ಗೋದಾವರಿಗೆ ಕಟ್ಟಿಸಿದ ಒಡ್ಡಿನಿಂದ ಪ್ರಸಿದ್ಧರಾದರು.

ಬಳ್ಳಾರಿ ಸೀಮೆಯ ಬರ ನೀಗಲು ತುಂಗಭದ್ರಾ ನದಿಯ ನೀರನ್ನು ಸಂಗ್ರಹಿಸುವ ಯೋಜನೆಯನ್ನು ಇವರು 1860ರಲ್ಲಿ ಮುಂದಿಟ್ಟರು. ಆದರೆ ಮದ್ರಾಸ್ ನೀರಾವರಿ ಕಂಪನಿಯಿಂದ ಕಾರ್ಯಗತವಾದದ್ದು ಕರ್ನೂಲು–ಕಡಪ ಕಾಲುವೆ ಮಾತ್ರ. ಮಳೆಯಾಶ್ರಿತ ಬೇಸಾಯಕ್ಕೆ ಒಗ್ಗಿದ್ದ ಎರೆಭೂಮಿಯ ರೈತರು ಹಣ ತೆತ್ತು ನೀರು ಪಡೆಯಲು ಮುಂದಾಗಲಿಲ್ಲ. ಕಾಲುವೆ ನಷ್ಟಕ್ಕೊಳಗಾಗಿ, 1882ರಲ್ಲಿ ಸರ್ಕಾರವೇ ಅದನ್ನು ಕೊಂಡಿತು. ಕಾಟನ್ ಅವರ ವಿರೋಧಿಗಳಿಗೆ ಈ ನಷ್ಟವೇ ದೊಡ್ಡ ಆಧಾರವಾಯಿತು.

1876–78ರ ಕ್ಷಾಮದಲ್ಲಿ ಮೈಸೂರು, ಬಳ್ಳಾರಿ, ಧಾರವಾಡ, ಬೆಳಗಾವಿ ಮತ್ತು ಕಲಾದಗಿ ಸೀಮೆಗಳು ತತ್ತರಿಸಿದವು. ಸರ್ಕಾರದ ಹಣ ರೈಲುಮಾರ್ಗಕ್ಕೆ ಸಲ್ಲಬೇಕೇ, ಕಾಲುವೆಗಳಿಗೇ ಎಂಬ ಹಳೆಯ ವಾದ ಆಗ ತೀವ್ರವಾಯಿತು. ರೈಲು ಇದ್ದ ಧಾನ್ಯವನ್ನು ಸಾಗಿಸಬಲ್ಲದೇ ಹೊರತು ಬೆಳೆಯಲಾರದು, ಕಾಲುವೆಯಾದರೋ ಬೆಳೆಯನ್ನೂ ಕೊಟ್ಟು ದೋಣಿಗಳಿಗೆ ದಾರಿಯನ್ನೂ ಮಾಡುತ್ತದೆ ಎಂಬುದು ಕಾಟನ್ ಅವರ ನಿಲುವು. 1878ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯ ಮುಂದೆ ಅವರು ಸಾಕ್ಷ್ಯ ನುಡಿದರೂ ಸಮಿತಿ ಅವರ ವಾದವನ್ನು ಒಪ್ಪಲಿಲ್ಲ. ದೋಣಿ ಸಂಚಾರದ ಲಾಭವನ್ನು ಅವರು ಮಿತಿಮೀರಿ ಎಣಿಸಿದ್ದರೆಂಬುದೂ ನಿಜ.

ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಗಿ, 1953ರಲ್ಲಿ ನೀರು ಹರಿಯಿತು. ಅದೇ ಕ್ಷಾಮ ಕಂಡಿದ್ದ ಮಲಪ್ರಭಾ ತೀರಕ್ಕೆ ನವಿಲುತೀರ್ಥದ ಅಣೆಕಟ್ಟು ದೊರೆತದ್ದು 1970ರ ದಶಕದಲ್ಲಿ.