ಗೆಲುವನ್ನು ಶಂಕಿಸಿದ ವೀರ

ಜಪಾನಿನ ಖಡ್ಗವೀರರಲ್ಲಿ ಮಿಯಾಮೊಟೊ ಮುಸಾಶಿಯಷ್ಟು ಪ್ರಸಿದ್ಧನಾದವನು ಮತ್ತೊಬ್ಬನಿಲ್ಲ. ಯೋಶಿಕಾವಾ ಎಯಿಜಿ ಎಂಬ ಕಾದಂಬರಿಕಾರರು ಆತನ ಕಥೆಯನ್ನು ೧೯೩೫ರಿಂದ ೧೯೩೯ರವರೆಗೆ ಅಸಾಹಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದರು. ಅದನ್ನು ಆಧರಿಸಿ ಇನೊಯುಯೆ ತಕೆಹಿಕೊ ಅವರು ೧೯೯೮ರಲ್ಲಿ ‘ವ್ಯಾಗಬಾಂಡ್’ ಎಂಬ ಚಿತ್ರಕಥೆಯನ್ನು ಆರಂಭಿಸಿದರು. ಪಂಪ ರನ್ನರನ್ನು ಓದಲು ಹಿಂದೆಗೆಯುವ ನನ್ನ ತರಗತಿಯ ಹುಡುಗರು ಈ ಚಿತ್ರಕಥೆಯ ಸಂಪುಟಗಳನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ನಾನೂ ಅವನ್ನು ಓದಿದೆನು. ಸ್ಪರ್ಧೆ, ಸೇಡು, ನಿಜವಾದ ಬಲ ಇವುಗಳನ್ನು ಕುರಿತ ಆ ಕಥೆಯ ಹಿಂದಿರುವ ಮನುಷ್ಯನು ಎಂಥವನೆಂದು ತಿಳಿಯುವ ಆಸೆ ಹುಟ್ಟಿತು. ಕಥೆಗಿಂತ ಆ ಮನುಷ್ಯನ ಬಾಳು ಹೆಚ್ಚು ವಿಚಾರಯೋಗ್ಯವೆಂದು ನನಗೆ ತೋರಿತು.

ಮುಸಾಶಿಯು ಹುಟ್ಟಿದ್ದು ೧೫೮೪ರ ಸುಮಾರಿಗೆ. ಆತನ ಬಾಳಿಗೆ ಮುಖ್ಯ ಆಧಾರಗಳು ಎರಡು. ಕೊನೆಗಾಲದಲ್ಲಿ ಆತನೇ ಬರೆದ ‘ಪಂಚಚಕ್ರಗಳ ಗ್ರಂಥ’ ಒಂದು. ಆತನ ದತ್ತುಪುತ್ರ ಇಯೊರಿಯು ೧೬೫೪ರಲ್ಲಿ ಕೊಕುರಾ ಪಟ್ಟಣದ ಬಳಿ ನಿಲ್ಲಿಸಿದ ಶಿಲಾಶಾಸನ ಇನ್ನೊಂದು. ಮುಸಾಶಿಯ ಹೇಳಿಕೆಯಂತೆ ಮೊದಲನೆಯ ದ್ವಂದ್ವಯುದ್ಧ ನಡೆದದ್ದು ೧೩ನೆಯ ವಯಸ್ಸಿನಲ್ಲಿ. ಎದುರಾಳಿ ಅರಿಮಾ ಕಿಹೆಯಿ. ೧೬ನೆಯ ವಯಸ್ಸಿನಲ್ಲಿ ಅಕಿಯಾಮಾ ಎಂಬ ಬಲಶಾಲಿಯನ್ನು ಸೋಲಿಸಿದನು. ೨೧ರಲ್ಲಿ ರಾಜಧಾನಿಯಾದ ಕ್ಯೋಟೊವಿಗೆ ಬಂದನು. ೨೮ ಅಥವಾ ೨೯ ವರ್ಷವಾಗುವಷ್ಟರಲ್ಲಿ ಅರವತ್ತಕ್ಕೂ ಹೆಚ್ಚು ಬಾರಿ ಕಾದಿದ್ದನು, ಒಮ್ಮೆಯೂ ಸೋತಿರಲಿಲ್ಲ.

ಆ ಕಾಲವೇ ಅಂಥದು. ೧೬೦೦ರ ಸೆಕಿಗಹಾರಾ ಯುದ್ಧದಲ್ಲಿ ತೊಕುಗಾವಾ ಇಯೆಯಾಸು ಗೆದ್ದನು, ೧೬೦೩ರಲ್ಲಿ ಶೋಗುನನಾದನು. ಸೋತ ಪಕ್ಷದ ಅನೇಕ ಸಾಮಂತರ ನೆಲ ಹೋಯಿತು. ಅವರ ಅನ್ನ ಉಂಡಿದ್ದ ಸಮುರಾಯಿಗಳು ಒಡೆಯನಿಲ್ಲದ ‘ರೋನಿನ್’ಗಳಾಗಿ ದಾರಿಗೆ ಬಿದ್ದರು. ಕತ್ತಿಯನ್ನಲ್ಲದೆ ಬೇರೊಂದನ್ನು ಅರಿಯದವರಿಗೆ ಆಶ್ರಯ ಸಿಗಬೇಕಾದರೆ ಹೆಸರು ಬೇಕು. ಹೆಸರು ಬರಬೇಕಾದರೆ ಹೆಸರಾದವನೊಬ್ಬನನ್ನು ಕೆಡವಬೇಕು. ಸ್ಪರ್ಧೆಯು ಅಲ್ಲಿ ಮನೋವಿಲಾಸವಾಗಿರಲಿಲ್ಲ, ಹೊಟ್ಟೆಯ ಪಾಡಾಗಿತ್ತು.

ಕ್ಯೋಟೊವಿನ ಯೊಶಿಯೊಕಾ ಮನೆತನದೊಡನೆ ೧೬೦೪ರಲ್ಲಿ ನಡೆದುದೆನ್ನುವ ಕಾಳಗ ಈ ಬಾಳಿನ ಅತ್ಯಂತ ಕರಾಳವಾದ ಭಾಗ. ಅದರ ಬೀಜ ಹಿಂದಿನ ತಲೆಮಾರಿನಲ್ಲಿಯೇ ಬಿದ್ದಿತ್ತು. ಮುಸಾಶಿಯ ತಂದೆ ಮುನಿಸಾಯಿಯು ಶೋಗುನನ ಸಮ್ಮುಖದಲ್ಲಿ ಯೊಶಿಯೊಕಾ ಗುರುವಿನೊಡನೆ ಮೂರು ಸಲ ಸೆಣಸಿ ಎರಡು ಸಲ ಗೆದ್ದನೆಂದು ಶಾಸನ ಹೇಳುತ್ತದೆ. ಮಗನು ಬಂದು ಆ ಮನೆಯ ಹಿರಿಯನಾದ ಸೆಯಿಜುರೋನನ್ನು ಒಂದೇ ಏಟಿಗೆ ಕೆಡವಿದನು. ಸೆಯಿಜುರೋ ಬದುಕಿ ಉಳಿದು, ಕತ್ತಿಯನ್ನು ತೊರೆದು ತಲೆ ಬೋಳಿಸಿಕೊಂಡನು. ಕುಲದ ಮಾನವನ್ನು ಉಳಿಸಲು ತಮ್ಮ ದೆನ್‌ಶಿಚಿರೋ ಐದಡಿಯ ಮರದ ಕತ್ತಿಯನ್ನು ಹಿಡಿದು ಬಂದನು. ಮುಸಾಶಿಯು ಅದನ್ನೇ ಕಿತ್ತುಕೊಂಡು ಅವನನ್ನು ಕೊಂದನು. ಆಮೇಲೆ ಶಿಷ್ಯರೆಲ್ಲರೂ ಮತಾಶಿಚಿರೋ ಎಂಬವನ ಹೆಸರಿನಲ್ಲಿ ಇಚಿಜೋಜಿಯ ಬಳಿ ನೆರೆದರು. ಆತನಿನ್ನೂ ಬಾಲಕನಾಗಿದ್ದನೆಂದೂ ಮುಸಾಶಿಯು ಮೊದಲು ಅವನನ್ನೇ ಕಡಿದನೆಂದೂ ಮುಂದಿನ ಕಥೆಗಳು ಹೇಳುತ್ತವೆ.

ಶಾಸನಗಳನ್ನು ಓದುವ ಅಭ್ಯಾಸವುಳ್ಳ ಕನ್ನಡಿಗರಿಗೆ ಇಲ್ಲಿ ಎಚ್ಚರಿಕೆ ಹೇಳಬೇಕಾಗಿಲ್ಲ. ಪ್ರಶಸ್ತಿಯೆಂಬುದು ಚರಿತ್ರೆಯಲ್ಲ, ಮಗನು ತಂದೆಗಾಗಿ ಕಲ್ಲಿನಲ್ಲಿ ಬರೆಸಿದಾಗ ಶತ್ರುಗಳ ಸಂಖ್ಯೆ ನೂರಾರಾಗುವುದು ಸಹಜ. ಯೊಶಿಯೊಕಾ ಪಕ್ಷದ ಬರಹವು ಬೇರೊಂದು ಮಾತನ್ನೇ ಹೇಳುತ್ತದೆ. ಆದರೆ ಸೇಡಿನ ಗಣಿತ ಮಾತ್ರ ಎಲ್ಲಿಯೂ ಒಂದೇ. ಒಂದು ಸೋಲನ್ನು ತೊಡೆಯಲು ಬಂದವನು ಮತ್ತೊಂದು ಸಾವನ್ನು ಬಿಟ್ಟುಹೋಗುತ್ತಾನೆ. ಆ ಮನೆತನದಲ್ಲಿ ನಿಜವಾಗಿ ಪಾರಾದವನು ಕತ್ತಿಯನ್ನು ಕೆಳಗಿಟ್ಟ ಸೆಯಿಜುರೋ ಒಬ್ಬನೇ ಎಂದು ನನಗೆ ಅನಿಸುತ್ತದೆ. ಆ ಕುಲದ ಹೆಸರು ಬಹುಕಾಲ ಬಾಳಿದ್ದು ಬಟ್ಟೆಗೆ ಬಣ್ಣ ಕಟ್ಟುವ ಕಸುಬಿನಿಂದ.

೧೬೧೨ರಲ್ಲಿ ನಡೆದುದೆಂದು ಸಂಪ್ರದಾಯ ಹೇಳುವ ದ್ವಂದ್ವಯುದ್ಧ ಎಲ್ಲಕ್ಕಿಂತ ಪ್ರಸಿದ್ಧವಾದುದು. ಶಿಮೊನೊಸೆಕಿ ಜಲಸಂಧಿಯ ಪುಟ್ಟ ದ್ವೀಪವೊಂದರಲ್ಲಿ ಮುಸಾಶಿಯು ಸಸಾಕಿ ಕೊಜಿರೋನನ್ನು ಎದುರಿಸಿದನು. ಎದುರಾಳಿಯದು ಮೂರಡಿಯ ಉಕ್ಕಿನ ಅಲಗು. ಮುಸಾಶಿಯ ಕೈಯಲ್ಲಿದ್ದುದು ಮರದ ಕತ್ತಿ. ಬೇಕೆಂದೇ ತಡಮಾಡಿ ಬಂದು ಎದುರಾಳಿಯ ಸಹನೆಯನ್ನು ಕೆಡಿಸಿದನೆಂದೂ ದೋಣಿಯ ಹುಟ್ಟನ್ನೇ ಕತ್ತಿಯಾಗಿ ಕೆತ್ತಿಕೊಂಡನೆಂದೂ ಹೇಳುವುದು ನೂರು ವರ್ಷಕ್ಕೂ ಈಚಿನ ಬರಹ. ಶಾಸನದ ಪ್ರಕಾರ ಇಬ್ಬರೂ ಏಕಕಾಲಕ್ಕೆ ಬಂದರು. ಕೊಜಿರೋ ಮಡಿದನು. ಆತನ ಯುದ್ಧಸಂಪ್ರದಾಯದ ಹೆಸರು ಗನ್‌ರ್ಯೂ. ಆ ದ್ವೀಪವನ್ನು ಜನ ಗನ್‌ರ್ಯೂ ದ್ವೀಪವೆಂದೇ ಕರೆದರು. ಗೆದ್ದವನ ಹೆಸರು ನೆಲಕ್ಕೆ ಅಂಟಲಿಲ್ಲ, ಸೋತವನ ಹೆಸರು ಅಂಟಿತು.

ನನ್ನ ಮನಸ್ಸನ್ನು ಸೆಳೆದುದು ಇದಾದ ಮೇಲಿನ ಘಟ್ಟ. ೩೦ ವರ್ಷ ದಾಟಿದಾಗ ಮುಸಾಶಿಯು ಹಿಂದಿರುಗಿ ನೋಡಿದನಂತೆ. ತಾನು ಗೆದ್ದದ್ದು ವಿದ್ಯೆಯ ಪರಿಪಕ್ವತೆಯಿಂದಲ್ಲವೆಂದು ಆತನಿಗೆ ತೋರಿತು. ಹುಟ್ಟಿನಿಂದ ಬಂದ ಚಾತುರ್ಯವಿದ್ದೀತು, ದೈವವಿದ್ದೀತು, ಅಥವಾ ಎದುರಾಳಿಗಳ ವಿದ್ಯೆಯೇ ಕೊರತೆಯುಳ್ಳದ್ದಾಗಿದ್ದೀತು. ಅರವತ್ತು ಸಲ ಗೆದ್ದವನೊಬ್ಬನು ತನ್ನ ಗೆಲುವನ್ನೇ ಸಾಕ್ಷಿಯ ಕಟ್ಟೆಗೆ ಕರೆದು ವಿಚಾರಿಸಿದುದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಸೋತವನಿಗೆ ಆತ್ಮಪರೀಕ್ಷೆ ಅನಿವಾರ್ಯ. ಗೆದ್ದವನಿಗೆ ಅದರ ಅಗತ್ಯವೇ ಕಾಣದು. ಅಲ್ಲಿಂದ ಮುಂದೆ ಹಗಲಿರುಳು ಸಾಧಿಸಿ, ೫೦ರ ಸುಮಾರಿಗೆ ಮಾರ್ಗವನ್ನು ಕಂಡುಕೊಂಡೆನೆಂದು ಆತನು ಬರೆದಿದ್ದಾನೆ. ಗೆದ್ದದ್ದಕ್ಕೆ ಹದಿನಾರು ವರ್ಷ ಹಿಡಿದರೆ ಗೆಲುವಿನ ಅರ್ಥ ತಿಳಿಯಲು ಇಪ್ಪತ್ತು ವರ್ಷ ಹಿಡಿಯಿತು.

ಹಾಗೆಂದು ಮುಸಾಶಿಯನ್ನು ಕಳಿಂಗಯುದ್ಧದ ಅನಂತರದ ಅಶೋಕನನ್ನಾಗಿ ಮಾಡಲಾಗದು. ಕೊಂದವರಿಗಾಗಿ ಆತನು ಮರುಗಿದನೆಂದು ಆ ಗ್ರಂಥದಲ್ಲಿಲ್ಲ. ಆತನ ಶಂಕೆ ವಿದ್ಯೆಯನ್ನು ಕುರಿತದ್ದು, ಕರುಣೆಯನ್ನು ಕುರಿತದ್ದಲ್ಲ. ಶಿಮಾಬಾರಾದಲ್ಲಿ ೧೬೩೭-೩೮ರಲ್ಲಿ ರೈತರೂ ಕ್ರೈಸ್ತರೂ ದಂಗೆಯೆದ್ದಾಗ ಅದನ್ನು ಅಡಗಿಸಿದ ಸೈನ್ಯದಲ್ಲಿ ಆತನಿದ್ದನು. ಕೋಟೆಯ ಮೇಲಿಂದ ಬಿದ್ದ ಕಲ್ಲೇಟಿಗೆ ಆತನ ಕಾಲು ನೊಂದಿತು. ಹೆಸರಾಂತ ಕತ್ತಿಗಳು ಮುಟ್ಟಲಾಗದ ದೇಹವನ್ನು ಹೆಸರಿಲ್ಲದ ಯಾರೋ ಎಸೆದ ಕಲ್ಲು ಮುಟ್ಟಿತು.

೧೬೪೦ರಲ್ಲಿ ಕುಮಾಮೊಟೊದ ಪ್ರಭು ಹೊಸೊಕಾವಾ ತದತೊಶಿ ಆತನನ್ನು ಬರಮಾಡಿಕೊಂಡನು. ಮುಸಾಶಿಯ ಮಸಿಯ ಚಿತ್ರಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಒಂದರಲ್ಲಿ ಒಣಗಿದ ಉದ್ದ ಕೊಂಬೆಯ ತುದಿಯಲ್ಲಿ ಕಳಿಂಗವೆಂಬ ಬೇಟೆಯ ಹಕ್ಕಿ ಕುಳಿತಿದೆ. ಕೆಳಗಿನಿಂದ ಹುಳುವೊಂದು ಅದೇ ಕೊಂಬೆಯನ್ನು ಏರಿ ಬರುತ್ತಿದೆ. ಹಕ್ಕಿ ಎರಗಿಲ್ಲ, ಸುಮ್ಮನೆ ಕುಳಿತಿದೆ. ಬಲದ ವಿಷಯವಾಗಿ ಆತನು ಕಂಡುಕೊಂಡದ್ದೆಲ್ಲವೂ ಈ ಚಿತ್ರದಲ್ಲಿದೆಯೆಂದು ನಾನು ಭಾವಿಸುತ್ತೇನೆ.

೧೬೪೩ರಲ್ಲಿ ರೆಯಿಗನ್ ಗುಹೆಯಲ್ಲಿ ಗ್ರಂಥವನ್ನು ಆರಂಭಿಸಿ, ೧೬೪೫ರಲ್ಲಿ ಸಾವಿಗೆ ಕೆಲವೇ ದಿನಗಳ ಮುಂಚೆ ಅದನ್ನು ಶಿಷ್ಯನಿಗೆ ಒಪ್ಪಿಸಿದನು. ಅದೇ ದಿನಗಳಲ್ಲಿ ಬರೆದ ೨೧ ನಿಯಮಗಳಲ್ಲಿ ಅಸೂಯೆಯನ್ನೂ ಹಗೆಯನ್ನೂ ಬಿಡುವ ಮಾತಿದೆ. ಗ್ರಂಥದಲ್ಲಿ ಹೆಸರಿಸಿದ್ದು ಬಾಲ್ಯದ ಆ ಇಬ್ಬರು ಎದುರಾಳಿಗಳನ್ನು ಮಾತ್ರ. ಯೊಶಿಯೊಕಾ ಸೋದರರ ಹೆಸರಿಲ್ಲ, ಕೊಜಿರೋನ ಹೆಸರೂ ಇಲ್ಲ. ಲೋಕವು ಯಾವ ಗೆಲುವುಗಳಿಗಾಗಿ ಆತನನ್ನು ನೆನೆಯುತ್ತದೆಯೋ ಅವನ್ನು ಆತನು ಬರೆಯಲೇ ಇಲ್ಲ.

ಪರೀಕ್ಷೆಯ ಅಂಕಗಳಿಂದಲೇ ತಮ್ಮನ್ನು ಅಳೆದುಕೊಳ್ಳುವ ವಿದ್ಯಾರ್ಥಿಗಳೂ ಅವರನ್ನು ಹಾಗೆಯೇ ಅಳೆಯುವ ನಮ್ಮಂಥ ಅಧ್ಯಾಪಕರೂ ಆ ೩೦ನೆಯ ವರ್ಷದ ಪ್ರಶ್ನೆಯನ್ನು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು: ಮುಂದಾದುದು ನನ್ನ ಬಲದಿಂದಲೋ, ಪಕ್ಕದವನ ದೌರ್ಬಲ್ಯದಿಂದಲೋ? ಉತ್ತರಕ್ಕೆ ಇಪ್ಪತ್ತು ವರ್ಷ ಹಿಡಿದರೂ ಚಿಂತೆಯಿಲ್ಲ.