ಸಾಲೊಮನ್ ಶೋನ್‌ಫೆಲ್ಡ್: ಒಂದು ಸಮುದಾಯ ಶಾಲೆಯ ಹಣ ಮತ್ತು ಹೊಣೆ

ಸಮುದಾಯವೊಂದು ತನ್ನ ಮಕ್ಕಳಿಗಾಗಿ ಶಾಲೆ ಕಟ್ಟಲು ಹೊರಟಾಗ ಎರಡು ಪ್ರಶ್ನೆಗಳು ಎದುರಾಗುತ್ತವೆ: ವೆಚ್ಚವನ್ನು ಭರಿಸುವವರು ಯಾರು, ನಡೆಸುವ ಅಧಿಕಾರ ಯಾರದು? ಲಂಡನ್ನಿನ ಯಹೂದಿ ಧರ್ಮಗುರು ರಬ್ಬಿ ಸಾಲೊಮನ್ ಶೋನ್‌ಫೆಲ್ಡ್ (1912-1984) ಅವರ ಬದುಕಿನಲ್ಲಿ ಈ ಎರಡರ ಭಾರವೂ ಬಹುಮಟ್ಟಿಗೆ ಒಬ್ಬರ ಹೆಗಲ ಮೇಲೆಯೇ ಇತ್ತು. ನಾತ್ಸಿ ಹಿಂಸೆಯಿಂದ ಮಕ್ಕಳನ್ನು ಪಾರುಮಾಡಿದವರೆಂದು ಅವರು ಪ್ರಸಿದ್ಧರು. ಆ ಕಾರ್ಯಕ್ಕೆ ಅವರ ಶಾಲೆಯೇ ಆಧಾರವಾಗಿತ್ತೆಂಬುದನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಂಗೆರಿ ಮೂಲದ ತಂದೆ ವಿಕ್ಟರ್ ಶೋನ್‌ಫೆಲ್ಡ್ 1929ರಲ್ಲಿ ಉತ್ತರ ಲಂಡನ್ನಿನಲ್ಲಿ ಯಹೂದಿ ಪ್ರೌಢಶಾಲೆಯನ್ನು ಆರಂಭಿಸಿದರು. ಅಂದು ಬಹುಪಾಲು ಯಹೂದಿ ಮಕ್ಕಳು ಸಾರ್ವಜನಿಕ ಶಾಲೆಗಳಲ್ಲಿ ಕಲಿತು, ಧರ್ಮಪಾಠಕ್ಕೆ ಸಂಜೆಯ ಅಥವಾ ಭಾನುವಾರದ ತರಗತಿಗಳಿಗೆ ಹೋಗುತ್ತಿದ್ದರು. ಲೌಕಿಕ ಮತ್ತು ಧಾರ್ಮಿಕ ವಿದ್ಯೆಗಳೆರಡೂ ಒಂದೇ ಸೂರಿನಡಿ ದೊರೆಯಬೇಕೆಂಬ ವಿಚಾರಕ್ಕೆ ಸ್ಯಾಮ್ಸನ್ ರಾಫೆಲ್ ಹಿರ್ಷ್ 1853ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ತೆರೆದ ಶಾಲೆಯ ಪರಂಪರೆ ಇತ್ತು. ಆದರೆ ಇಂಥ ಶಾಲೆ ಶುಲ್ಕ ಮತ್ತು ದಾನಗಳನ್ನೇ ನಂಬಿ ನಿಲ್ಲಬೇಕಾಗಿತ್ತು. ಸ್ಥಾಪನೆಯಾದ ಸ್ವಲ್ಪ ಕಾಲದಲ್ಲೇ, 1930ರಲ್ಲಿ, ತಂದೆ ತೀರಿಕೊಂಡರು. ಸ್ಲೊವಾಕಿಯದ ನೀತ್ರಾದಲ್ಲೂ ಲಿಥುವೇನಿಯದಲ್ಲೂ ಅಧ್ಯಯನ ಮಾಡಿದ ಮಗ 1933ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ತಂದೆಯ ಗುರುಪೀಠವನ್ನೂ ಶಾಲೆಯನ್ನೂ ವಹಿಸಿಕೊಂಡರು.

1938ರ ನವೆಂಬರಿನಲ್ಲಿ ಜರ್ಮನಿ, ಆಸ್ಟ್ರಿಯಗಳಲ್ಲಿ ಯಹೂದಿಯರ ಮೇಲೆ ಭೀಕರ ದಾಳಿಗಳು ನಡೆದವು. ಬೊಕ್ಕಸಕ್ಕೆ ಹೊರೆಯಾಗದಿದ್ದರೆ ಮಾತ್ರ ನಿರಾಶ್ರಿತ ಮಕ್ಕಳಿಗೆ ಬ್ರಿಟನ್ ಪ್ರವೇಶ ನೀಡಲು ಒಪ್ಪಿತು. ಆ ಡಿಸೆಂಬರಿನಲ್ಲಿ ವಿಯೆನ್ನಾದಿಂದ ಸುಮಾರು 300 ಮಕ್ಕಳನ್ನು ಕರೆತರಲು ಶೋನ್‌ಫೆಲ್ಡ್ ಮುಂದಾದಾಗ, ಅವರಿಗೆ ವಸತಿ ಎಲ್ಲಿ ಎಂಬುದನ್ನು ಸರ್ಕಾರಕ್ಕೆ ತೋರಿಸಬೇಕಾಯಿತು. ಶಾಲೆಯ ತರಗತಿಗಳನ್ನೇ ಮಲಗುವ ಕೋಣೆಗಳನ್ನಾಗಿ ಮಾರ್ಪಡಿಸಿದರು. ತಮ್ಮ ಮನೆಯನ್ನೂ ಬಿಟ್ಟುಕೊಟ್ಟರು. ಹಣವಿಲ್ಲದವರ ಬಳಿ ಇದ್ದ ಜಾಮೀನೆಂದರೆ ಆ ಕಟ್ಟಡವೊಂದೇ.

1939ರ ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾದಾಗ ಶಾಲೆ ಬೆಡ್‌ಫರ್ಡ್‌ಷೈರಿನ ಶೆಫರ್ಡ್ ಮತ್ತು ಸುತ್ತಲಿನ ಹಳ್ಳಿಗಳಿಗೆ ಸ್ಥಳಾಂತರಗೊಂಡು 1945ರವರೆಗೆ ಅಲ್ಲಿಯೇ ನಡೆಯಿತು. ಅಲ್ಲಿನ ನೇತೃತ್ವ ಜೂಡಿತ್ ಗ್ರುನ್‌ಫೆಲ್ಡ್ ಅವರದಾಗಿತ್ತು. ಕ್ರೈಸ್ತ ಕುಟುಂಬಗಳ ಮನೆಗಳಲ್ಲಿ ಉಳಿದ ಮಕ್ಕಳಿಗೆ ಧರ್ಮಸಮ್ಮತ ಆಹಾರ, ಶನಿವಾರದ ಸಬ್ಬತ್ ಆಚರಣೆ ಮತ್ತು ಪಾಠಗಳನ್ನು ತಪ್ಪದಂತೆ ನಡೆಸಿದವರು ಅವರು. ಶೋನ್‌ಫೆಲ್ಡ್ ಧನಸಂಗ್ರಹ ಮತ್ತು ರಕ್ಷಣಾಕಾರ್ಯಗಳಲ್ಲಿ ತೊಡಗಿದ್ದಾಗ ಶಾಲೆ ಶಾಲೆಯಾಗಿ ಉಳಿದದ್ದು ಈ ಎರಡನೆಯ ನಾಯಕತ್ವದಿಂದ ಎಂಬುದು ಗಮನಾರ್ಹ.

1944ರ ಶಿಕ್ಷಣ ಕಾಯ್ದೆ ಹೊಸ ದಾರಿಯೊಂದನ್ನು ತೆರೆಯಿತು. ಅನುದಾನಿತ ಧಾರ್ಮಿಕ ಶಾಲೆಗಳ ಶಿಕ್ಷಕರ ವೇತನ ಮತ್ತು ದೈನಂದಿನ ವೆಚ್ಚವನ್ನು ಸಾರ್ವಜನಿಕ ನಿಧಿ ಭರಿಸುವಂತಾಯಿತು. ಕಟ್ಟಡಗಳ ಸುಧಾರಣೆಯ ಅರ್ಧ ವೆಚ್ಚ ಆಡಳಿತ ಮಂಡಳಿಯ ಪಾಲಿಗಿತ್ತು. ಅದೇ ವರ್ಷ ಹೆಂಡನ್‌ನಲ್ಲಿ ಶೋನ್‌ಫೆಲ್ಡರ ಶಿಕ್ಷಣ ಸಂಸ್ಥೆಯ ಆಶ್ರಯದಲ್ಲಿ ಆರಂಭವಾದ ಹ್ಯಾಸ್ಮೊನಿಯನ್ ಶಾಲೆಯೂ ಮುಂದೆ ಅನುದಾನಕ್ಕೆ ಒಳಪಟ್ಟಿತು. ಅನುದಾನದ ಜೊತೆಗೆ ತಪಾಸಣೆ ಮತ್ತು ಆಡಳಿತ ಮಂಡಳಿಯ ಉತ್ತರದಾಯಿತ್ವಗಳೂ ಬಂದವು. ಸಮಿತಿಗಳ ಒಪ್ಪಿಗೆಗೆ ಕಾಯದ ಶೋನ್‌ಫೆಲ್ಡರ ಸ್ವಭಾವ ಸಮುದಾಯದ ಇತರ ಮುಖಂಡರೊಡನೆ ಘರ್ಷಣೆಗೂ ಕಾರಣವಾಗಿತ್ತು. 1938ರಲ್ಲಿ ಪ್ರಾಣ ಉಳಿಸಿದ್ದು ಆ ಸ್ವಭಾವವೇ. ಆದರೆ ಮುಂದಿನ ತಲೆಮಾರಿಗೂ ಬಾಳಬೇಕಾದ ಶಾಲೆಗೆ ಅದೊಂದೇ ಸಾಲದು.

1984ರಲ್ಲಿ ಶೋನ್‌ಫೆಲ್ಡ್ ನಿಧನರಾದರು. 2013ರಲ್ಲಿ ಬ್ರಿಟಿಷ್ ಸರ್ಕಾರ ಅವರ ರಕ್ಷಣಾಕಾರ್ಯವನ್ನು ಮರಣೋತ್ತರವಾಗಿ ಗೌರವಿಸಿತು. ಆ ಗೌರವ ರಕ್ಷಕನಿಗೆ ಸಂದಿತು. ಶಾಲಾಧ್ಯಕ್ಷನ ಸಾಧನೆಯನ್ನು ಪ್ರತ್ಯೇಕವಾಗಿಯೇ ತೂಗಬೇಕು. ಸಮುದಾಯ ಶಾಲೆಯೊಂದು ಹುಟ್ಟಲು ಒಬ್ಬ ವ್ಯಕ್ತಿಯ ಛಲ ಬೇಕು. ಉಳಿಯಲು ನೆಚ್ಚಬಹುದಾದ ಆದಾಯವೂ ಹೊಣೆ ಹಂಚಿಕೊಳ್ಳುವ ಜನರೂ ಬೇಕು. ಮೊದಲನೆಯದನ್ನು ಶೋನ್‌ಫೆಲ್ಡ್ ಧಾರಾಳವಾಗಿ ನೀಡಿದರು. ಎರಡನೆಯದು ಗ್ರುನ್‌ಫೆಲ್ಡರಂಥ ಶಿಕ್ಷಕರಿಂದ ಮತ್ತು ಸಾರ್ವಜನಿಕ ಅನುದಾನದಿಂದ ಒದಗಿತೆಂದು ಹೇಳಬಹುದು.